ಎರಡು ಮಾತ್ರೆ, ಒಂದು ಐಸ್ ಡಬ್ಬಿ: ಅಡ್ರಿನಲ್ ಗಡ್ಡೆಯ ಕಾರ್ಟಿಸಾಲ್ ಹಿಡಿದ ನನ್ನ ಅನುಭವ

"ದುಂಡು ಮುಖ ಇಲ್ಲ, ಹೊಟ್ಟೆ ಮೇಲೆ ಕೆಂಪು ಗೀರಿಲ್ಲ, ಎಂಥಾ ಕಾರ್ಟಿಸಾಲ್ ರೀ ನಿಮ್ಮದು?" ಎಂದು ನಮ್ಮೂರಿನ ಹಿರಿಯ ಸರ್ಜನ್ ಡಾಕ್ಟರಾದ ನನ್ನನ್ನು ಕೇಳಿದ್ದರು. ಕಾರ್ಟಿಸಾಲ್ ಎಂಬ ಹಾರ್ಮೋನು ಅತಿಯಾದರೆ ಕಾಣುವ ಗುರುತುಗಳು ಅವು. ನನ್ನ ಪೇಷಂಟ್ ಕಿಡ್ನಿ ಕಲ್ಲಿಗೆಂದು ಸಿಟಿ ಮಾಡಿಸಿದ ಐವತ್ತು ದಾಟಿದ ಹೆಂಗಸು. ಎಡ ಕಿಡ್ನಿಯ ಮೇಲೆ ಕೂತಿರುವ, ಕಾರ್ಟಿಸಾಲ್ ಮಾಡುವ ಗ್ರಂಥಿ ಅಡ್ರಿನಲ್‌ನಲ್ಲಿ ಸುಮಾರು 2.8 ಸೆಂಟಿಮೀಟರ್ ಗಡ್ಡೆ, ಎಚ್‌ಯು 10ರ ಒಳಗೆ (ಸಿಟಿಯಲ್ಲಿ ಕಾಣುವ ಗಡ್ಡೆಯ ಸಾಂದ್ರತೆ; ಇಷ್ಟು ಕಡಿಮೆ ಇದ್ದರೆ ಕ್ಯಾನ್ಸರ್ ಭಯವಿಲ್ಲ). ಬಿಪಿಗೆ ಮೂರು ಮಾತ್ರೆ, ಮೇಲೆ ಶುಗರ್. ಡೆಕ್ಸಾ (ಡೆಕ್ಸಾಮೆಥಾಸೋನ್, ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಇಳಿಸುವ ಮಾತ್ರೆ) ನುಂಗಿದ ಮರುದಿನ ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 3.6 ಮೈಕ್ರೊಗ್ರಾಂ. ಯುರೋಪಿನ 2023ರ ಮಾರ್ಗಸೂಚಿಯ ಗಡಿ 1.8, ಅದರ ಮೇಲಿದ್ದರೆ ಗಡ್ಡೆಯೇ ಕಾರ್ಟಿಸಾಲ್ ಸುರಿಸುತ್ತಿರಬಹುದು. ಗಡಿ ನಮಗೆಲ್ಲ ಗೊತ್ತು. ನಮ್ಮಂಥ ಜಿಲ್ಲಾ ಊರಲ್ಲಿ ಆ 3.6 ಅನ್ನು ನಂಬಬಹುದೇ ಅನ್ನುವುದೇ ಕಷ್ಟ.

ನಾನು ಮೊದಲು ಎಡವಿದ್ದು ಮಾತ್ರೆಯಲ್ಲಿ. ಅಂಗಡಿಯಲ್ಲಿ ಸಿಗುವುದು 0.5 ಮಿಲಿಗ್ರಾಂ. ಚೀಟಿಯಲ್ಲಿ 1 ಮಿಲಿಗ್ರಾಂ ಅಂತ ಬರೆದೆ, ಒಬ್ಬರು ಒಂದೇ ಮಾತ್ರೆ ನುಂಗಿ ಬಂದರು. ಕಾರ್ಟಿಸಾಲ್ 6 ಚಿಲ್ಲರೆ. ಎರಡು ನುಂಗಿಸಿ ನೋಡಿದರೆ 1.2! ಇನ್ನೊಬ್ಬರದು 9 ಬಂತು, ಟಿಬಿಗೆ ರಿಫಾಂಪಿಸಿನ್ ತಗೋತಿದ್ದಾರೆಂದು ಆಮೇಲೆ ತಿಳಿಯಿತು. ಆ ಮದ್ದಿನಿಂದ ಡೆಕ್ಸಾ ಮೈಯಲ್ಲಿ ಅಷ್ಟು ಬೇಗ ಕರಗಿಹೋದರೆ ಕಾರ್ಟಿಸಾಲ್ ಇಳಿಯುವುದು ಹೇಗೆ? ಕೇಳದೇ ಹೋದದ್ದು ನನ್ನ ತಪ್ಪು, ಮರುಪರೀಕ್ಷೆಯ ದುಡ್ಡು ನಾನೇ ಕಟ್ಟಿದೆ. ಈಗ ರಾತ್ರಿ 11ಕ್ಕೆ ನಮ್ಮ ಸಿಸ್ಟರ್ ಮನೆಗೆ ಫೋನ್ ಮಾಡುತ್ತಾರೆ, ಬೆಳಿಗ್ಗೆ ಖಾಲಿ ಸ್ಟ್ರಿಪ್ ತರಲೇಬೇಕು.

ಎರಡನೆಯದು ಎಸಿಟಿಎಚ್, ಕಾರ್ಟಿಸಾಲ್ ಮಾಡು ಎಂದು ಅಡ್ರಿನಲ್‌ಗೆ ಹೇಳುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು. ಗಡ್ಡೆ ತಾನೇ ಕಾರ್ಟಿಸಾಲ್ ಮಾಡತೊಡಗಿದರೆ ಇದು ಕುಸಿಯುತ್ತದೆ. ಒಂದು ಕಾಲದಲ್ಲಿ ನಾನು ಕಳಿಸಿದವರದ್ದೆಲ್ಲ 5ಕ್ಕಿಂತ ಕಡಿಮೆ ಬರುತ್ತಿತ್ತು. ಎಲ್ಲರಿಗೂ ಕಾಯಿಲೆಯೇ? ಅನುಮಾನ ಬಂದು ನನ್ನದೇ ರಕ್ತ ಎರಡು ಟ್ಯೂಬ್ ತೆಗೆಸಿದೆ. ಒಂದು ಎಂದಿನಂತೆ ಕೊರಿಯರ್‌ನವನ ಬ್ಯಾಗಿನಲ್ಲಿ ಹೋಯಿತು. ಇನ್ನೊಂದನ್ನು ಐಸ್‌ನಲ್ಲಿಟ್ಟು, ತಣ್ಣಗೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ, ಫ್ರೀಜ್ ಮಾಡಿ ಕಳಿಸಿದೆ. ಮೊದಲನೆಯದು 5ರ ಕೆಳಗೆ, ಎರಡನೆಯದು 20ರ ಮೇಲೆ. ಒಂದಕ್ಕೆ ಸಾವಿರದ ಇನ್ನೂರೋ ಏನೋ ಹೋಯಿತು. ಅಷ್ಟು ಲಾಭ ತಂದ ಖರ್ಚು ನಾನು ಬೇರೆ ಮಾಡಿಲ್ಲ. ಕೂಲಿಂಗ್ ಸೆಂಟ್ರಿಫ್ಯೂಜ್ ಇಲ್ಲದೆ ತಣ್ಣಗೆ ತಿರುಗಿಸಿದ್ದು ಹೇಗೆ ಅನ್ನುವುದು ನನ್ನ ಮತ್ತು ನಮ್ಮ ಟೆಕ್ನೀಶಿಯನ್ ನಡುವಿನ ಗುಟ್ಟು.

ನಡುವೆ ಮಧ್ಯರಾತ್ರಿಯ ಜೊಲ್ಲಿನ ಕಾರ್ಟಿಸಾಲ್ ಹುಚ್ಚೂ ಹಿಡಿದಿತ್ತು. ಹತ್ತು ಜನಕ್ಕೆ ಮಾಡಿಸಿದೆ. ಎಲೆ-ಅಡಿಕೆ ಹಾಕುವವರ ಒಸಡಿನ ರಕ್ತ ಸೇರಿ ಸ್ಯಾಂಪಲ್ ಕೆಡುತ್ತಿತ್ತು. ಸರಿಯಾಗಿ ಬಂದವೂ ಕಾಯಿಲೆಯ ಈ ಸೌಮ್ಯ ರೂಪದಲ್ಲಿ ಹೆಚ್ಚಾಗಿ ನಾರ್ಮಲ್. ಬಿಟ್ಟುಬಿಟ್ಟೆ. ಅದಕ್ಕಿಂತ ಡಿಎಚ್‌ಇಎ-ಎಸ್ (ಅಡ್ರಿನಲ್‌ನದೇ ಇನ್ನೊಂದು ಹಾರ್ಮೋನು, ಎಸಿಟಿಎಚ್ ಕುಸಿದರೆ ತಾನೂ ಕುಸಿಯುತ್ತದೆ) ವಾಸಿ: ಐಸ್ ಬೇಡ, ಹೊತ್ತು-ಗೊತ್ತು ಬೇಡ, ವಯಸ್ಸಿಗೆ ಹೋಲಿಸಿ ನೋಡಿದರಾಯಿತು.

ಆ ಹೆಂಗಸಿಗೆ ಮತ್ತೆ ಎಲ್ಲ ಮಾಡಿಸಿದೆ. ಕಾರ್ಟಿಸಾಲ್ 3.9, ಐಸ್‌ನಲ್ಲಿ ಹೋದ ಎಸಿಟಿಎಚ್ 6, ಡಿಎಚ್‌ಇಎ-ಎಸ್ ತಳ ಹಿಡಿದಿತ್ತು. ಅದೇ ಸರ್ಜನ್ ಲ್ಯಾಪ್ರೊಸ್ಕೋಪಿಯಲ್ಲಿ ಗಡ್ಡೆ ತೆಗೆದರು. ಗಡ್ಡೆ ಹೋದ ಮೇಲೆ ಕಾರ್ಟಿಸಾಲ್‌ಗೆ ಬದಲಿಯಾಗಿ ಹೈಡ್ರೊಕಾರ್ಟಿಸೋನ್ ರಕ್ಷಣೆ ಬೇಕೇಬೇಕೆಂದು ನಾನು ಹಟ ಹಿಡಿದೆ. ಆರನೇ ವಾರದಲ್ಲಿ ಒಂದು ದಿನ ಡೋಸ್ ತಡೆದು ಬೆಳಗಿನ ಕಾರ್ಟಿಸಾಲ್ ನೋಡಿದರೆ ಸುಮಾರು 3. ಡೆಕ್ಸಾ ಇಲ್ಲದೆ ಇದು ತೀರಾ ಕಡಿಮೆ, ಬಲಗಡೆಯ ಅಡ್ರಿನಲ್ ಇನ್ನೂ ನಿದ್ದೆಯಲ್ಲಿತ್ತು. ರಿಪೋರ್ಟ್ ಹಿಡಿದು ಸರ್ಜನ್ ರೂಮಿಗೆ ಹೋದೆ. ಓದಿ, ಡ್ರಾಯರ್‌ನಿಂದ ಇನ್ನೊಂದು ಸಿಟಿ ಫಿಲ್ಮ್ ತೆಗೆದು, "ಇವರಿಗೂ ಗಡ್ಡೆ ಇದೆ, ನೋಡಿ ಡಾಕ್ಟ್ರೇ" ಎಂದರು.