ಸ್ಲೀವ್ ಆದ ಮೇಲೆ ತೂಕ ನಿಂತರೆ: ಊಟ ಕಡಿಮೆ ಮಾಡಬೇಡಿ, ಗಟ್ಟಿ ಮಾಡಿ

ಸ್ಲೀವ್ ಎಂದರೆ ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್. ಇಂಥ ಬೇರಿಯಾಟ್ರಿಕ್ (ಬೊಜ್ಜಿನ) ಆಪರೇಷನ್ ಆದ ಮೂರನೇ ವಾರದ ಹೊತ್ತಿಗೆ ಬಹಳ ಜನರ ತೂಕ ಒಮ್ಮೆ ನಿಲ್ಲುತ್ತದೆ. ಅದು ನೀರಿನ ಲೆಕ್ಕ. ಲಿವರ್ ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತವೆ, ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ದ್ರವಾಹಾರದ ದಿನಗಳಲ್ಲಿ ಎರಡೂ ಖಾಲಿಯಾಗುವುದರಿಂದ ತೂಕ ಸರಸರನೆ ಇಳಿಯುತ್ತದೆ. ಗಂಜಿ, ಮೆತ್ತನೆಯ ಊಟ ಶುರುವಾದಾಗ ಸ್ವಲ್ಪ ಮತ್ತೆ ತುಂಬಿಕೊಳ್ಳುತ್ತದೆ. ಕೊಬ್ಬು ಕರಗುತ್ತಲೇ ಇದ್ದರೂ ಮೆಷಿನ್ ಮೇಲೆ ಕಾಣುವುದಿಲ್ಲ. ಒಂದರಿಂದ ಮೂರು ವಾರದಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ, ಆಗ ಏನನ್ನೂ ಬದಲಿಸಬೇಡಿ.

ನಾನು ಬರೆಯಲು ಹೊರಟಿದ್ದು ಆಮೇಲಿನದ್ದರ ಬಗ್ಗೆ. ಆರು ತಿಂಗಳು, ಒಂಬತ್ತು ತಿಂಗಳು ಕಳೆದ ಮೇಲೆ, ಎಲ್ಲ ಸರಿಯಾಗಿಯೇ ಮಾಡುತ್ತಿದ್ದೇನೆ ಅನ್ನಿಸುವಾಗ ತೂಕ ನಿಂತುಬಿಡುತ್ತದಲ್ಲ, ಅದರ ಬಗ್ಗೆ. ನಾನು ಪಾಲಿಸುತ್ತಾ ಬಂದಿರುವ ಕ್ರಮ ಇದು.

ಮೊದಲು ನಿಜವಾಗಿ ನಿಂತಿದೆಯೇ ನೋಡಬೇಕು. ಬೆಳಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮುಂಚೆ, ಒಂದೇ ಮೆಷಿನ್‌ನಲ್ಲಿ, ಮ್ಯಾಟ್ ಮೇಲಲ್ಲದೆ ಬರಿ ನೆಲದ ಮೇಲಿಟ್ಟು ತೂಗಿ. ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ, ಏಳು ದಿನದ ಸರಾಸರಿ ಬರೆದಿಡಿ. ವಾರಕ್ಕೊಮ್ಮೆ ಹೊಕ್ಕಳ ಮಟ್ಟದಲ್ಲಿ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ತೆಗೆಯಿರಿ. ಮುಟ್ಟಿನ ಹಿಂದಿನ ವಾರ, ಹಿಂದಿನ ರಾತ್ರಿಯ ಉಪ್ಪಿನಕಾಯಿ, ಐರನ್ ಮಾತ್ರೆಯಿಂದಾಗುವ ಮಲಬದ್ಧತೆ, ಇವೆಲ್ಲ ಒಂದು ಕೆಜಿಯಷ್ಟನ್ನು ಸುಲಭವಾಗಿ ಮೇಲೆ ಕೆಳಗೆ ಮಾಡುತ್ತವೆ. ನಾಲ್ಕು ವಾರ ಸರಾಸರಿಯೂ ಕದಲಿಲ್ಲ, ಸುತ್ತಳತೆಯೂ ಇಳಿದಿಲ್ಲ ಎಂದರೆ ಮಾತ್ರ ನಿಂತಿದೆ ಎಂದು ತಿಳಿಯಿರಿ. ತೂಕ ನಿಂತು ಪ್ಯಾಂಟು ಸಡಿಲವಾಗುತ್ತಿದ್ದರೆ ಏನೂ ತೊಂದರೆಯಿಲ್ಲ.

ನಿಲ್ಲುವುದಕ್ಕೆ ಒಂದು ಸರಳ ಲೆಕ್ಕವಿದೆ. ದೇಹ ಸುಮ್ಮನೆ ಕೂತಾಗ ಎಷ್ಟು ಸುಡುತ್ತದೆ ಎಂದು ಅಂದಾಜು ಮಾಡಲು ಬಳಸುವ ಮಿಫ್ಲಿನ್–ಸೇಂಟ್ ಜೋರ್ ಸೂತ್ರದಲ್ಲಿ ಪ್ರತಿ ಕೆಜಿಗೆ ದಿನಕ್ಕೆ 10 ಕ್ಯಾಲೊರಿ ಇದೆ. 112 ಕೆಜಿ ಇದ್ದವರು 82ಕ್ಕೆ ಬಂದರೆ ಖರ್ಚು ದಿನಕ್ಕೆ 300 ಕ್ಯಾಲೊರಿ ಇಳಿಯಿತು. ನಡೆಯುವಾಗ ಹೊರುವ ಭಾರವೂ ಕಡಿಮೆಯಾದ್ದರಿಂದ ಅಲ್ಲೂ ಒಂದಿಷ್ಟು ಉಳಿತಾಯ. ಆರು ತಿಂಗಳ ಹಿಂದೆ ತೂಕ ಇಳಿಸುತ್ತಿದ್ದ ಅದೇ ಊಟ ಈಗ ತೂಕವನ್ನು ಇದ್ದಲ್ಲೇ ಹಿಡಿದಿಡುತ್ತದೆ. ಹಾಗೆಂದು ಬಟ್ಟಲನ್ನು ಇನ್ನೂ ಚಿಕ್ಕದು ಮಾಡಿಕೊಂಡು 500–600 ಕ್ಯಾಲೊರಿಗೆ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೋಗುವುದು ಸ್ನಾಯು, ಉದುರುವುದು ಕೂದಲು. ಸ್ನಾಯು ಹೋದಷ್ಟೂ ಖರ್ಚು ಇನ್ನೂ ಇಳಿಯುತ್ತದೆ.

ನೋಡಬೇಕಾದ್ದು ಊಟ ಎಷ್ಟು ಗಟ್ಟಿಯಾಗಿದೆ ಎಂದು. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು ಕೊಳವೆಯಂಥದ್ದನ್ನು ಉಳಿಸುತ್ತಾರೆ. ಗಟ್ಟಿ ಪದಾರ್ಥ ಆ ಕೊಳವೆಯಲ್ಲಿ ನಿಂತು ಒತ್ತಿದರೆ ಹೊಟ್ಟೆ ತುಂಬಿದ ಭಾವ ಬರುತ್ತದೆ. ತೆಳ್ಳಗಿನದ್ದು, ಮೆತ್ತಗಿನದ್ದು ಜಾರಿ ಕರುಳಿಗೆ ಹೋಗಿಬಿಡುತ್ತದೆ. ಬೆಂಗಳೂರಿನ ನಮ್ಮ ಊಟವನ್ನು ಈ ಕಣ್ಣಿನಿಂದ ನೋಡಿ: ಸಾರನ್ನ, ಮೊಸರನ್ನ, ಉಪ್ಪಿಟ್ಟು, ಅವಲಕ್ಕಿ, ಸಾಂಬಾರಿನಲ್ಲಿ ನೆನೆದ ಇಡ್ಲಿ. ಎಲ್ಲವೂ ಜಾರುವ ಜಾತಿ. ತಿಂದ ಒಂದು ಗಂಟೆಗೆ ಮತ್ತೆ ಹಸಿವಾಗುತ್ತದೆ, ಆಪರೇಷನ್ ಕೈಕೊಟ್ಟಿತು ಅನ್ನಿಸುತ್ತದೆ. ಕೊಳವೆ ತನ್ನ ಕೆಲಸ ಮಾಡಲು ತಟ್ಟೆಯಲ್ಲಿ ಗಟ್ಟಿಯಾದದ್ದು ಇರಬೇಕಷ್ಟೆ.

ಮುದ್ದೆಯದು ಇನ್ನೊಂದು ಬಗೆ. ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ನಮ್ಮ ರೂಢಿ. ಸ್ಲೀವ್ ಆದವರಿಗೆ ಆ ತುತ್ತು ಕೊಳವೆಯ ಬಾಯಲ್ಲೇ ಸಿಕ್ಕಿಕೊಳ್ಳಬಹುದು: ಎದೆಯ ನಡುವೆ ಒತ್ತಿದಂತಾಗುತ್ತದೆ, ಬಾಯಲ್ಲಿ ನೊರೆಯಂಥ ಜೊಲ್ಲು ತುಂಬುತ್ತದೆ, ಕೊನೆಗೆ ವಾಂತಿ. ಸಾರು ಹೆಚ್ಚಿಗೆ ಹಾಕಿ ತೆಳ್ಳಗೆ ಮಾಡಿಕೊಂಡರೆ ಜಾರಿಹೋಗುತ್ತದೆ. ರಾಗಿ ಬಿಡಬೇಕಿಲ್ಲ. ಸಬ್ಬಸಿಗೆ, ಈರುಳ್ಳಿ ಹಾಕಿ ತೆಳ್ಳಗೆ ತಟ್ಟಿದ ಚಿಕ್ಕ ರಾಗಿ ರೊಟ್ಟಿ ಅಗಿದು ತಿನ್ನಲು ಒಳ್ಳೆಯದು.

ತಟ್ಟೆಯ ಕ್ರಮವನ್ನು ತಿರುಗಿಸಿ. ಮೊದಲು ಪ್ರೋಟೀನ್, ಆಮೇಲೆ ಪಲ್ಯ ಅಥವಾ ಕೋಸಂಬರಿ, ಜಾಗ ಉಳಿದರೆ ಎರಡು ಚಮಚ ಅನ್ನ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಅದನ್ನು ಕಣ್ಣಂದಾಜಿನಲ್ಲಿ ಮುಟ್ಟಲಾಗುವುದಿಲ್ಲ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇಟ್ಟುಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 60 ಗ್ರಾಂ ಪನೀರಿನಲ್ಲಿ ಸುಮಾರು 11, ಬೆಂದ 80 ಗ್ರಾಂ ಚಿಕನ್ ಎದೆಭಾಗದಲ್ಲಿ 24, ಒಣಗಿದ್ದಾಗ 25 ಗ್ರಾಂ ತೂಗುವ ಸೋಯಾ ಉಂಡೆಯಲ್ಲಿ 13, ಬೆಂದ 80 ಗ್ರಾಂ ಹೆಸರುಕಾಳು ಉಸಲಿಯಲ್ಲಿ 6. ಮೊಟ್ಟೆಯನ್ನೂ ತಿನ್ನದವರ ಒಂದು ದಿನ ಹೀಗಿರಬಹುದು: ಬೆಳಗ್ಗೆ 200 ಎಂಎಲ್ ನಂದಿನಿ ನೀಲಿ ಪ್ಯಾಕೆಟ್ ಹಾಲಿಗೆ ಒಂದು ಸ್ಕೂಪ್ ವೇ (ಹಾಲಿನಿಂದ ತೆಗೆದ) ಪ್ರೋಟೀನ್ ಪುಡಿ, ಅದು 30 ಗ್ರಾಂ. ಮಧ್ಯಾಹ್ನ ಪನೀರು ಮತ್ತು ಉಸಲಿ, 17. ರಾತ್ರಿ ಸೋಯಾ ಪಲ್ಯ, 13. ಅಲ್ಲಿಗೆ 60 ಮುಟ್ಟಿತು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಅದರ ಮೇಲೆ. ವೇ ಕೂಡ ದ್ರವವೇ, ಹೆಚ್ಚು ಹೊತ್ತು ಹಸಿವು ತಡೆಯುವುದಿಲ್ಲ. ಆದ್ದರಿಂದ ದಿನಕ್ಕೆ ಒಂದೇ ಸಲ, ಉಳಿದದ್ದು ಅಗಿಯುವಂಥದ್ದು. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆಯನ್ನು ಸಾರಿನಿಂದ ಸೋಸಿ ತೆಗೆದು ತಿಂದರೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ತಿಳಿಸಾರಿನಲ್ಲಿ ಮಾತ್ರ ಪ್ರೋಟೀನ್ ಹುಡುಕಬೇಡಿ, ಇರುವುದೆಲ್ಲ ತಳದ ಬೇಳೆಯಲ್ಲಿ.

ಊಟಕ್ಕೆ 20–30 ನಿಮಿಷ ಕೊಡಿ. ಊಟದ ಜೊತೆ ನೀರು ಬೇಡ, ಆದ ಮೇಲೂ ಅರ್ಧ ಗಂಟೆ ಬೇಡ. ಕೊನೆಯಲ್ಲಿ ಮಜ್ಜಿಗೆ ಕುಡಿಯುವ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ, ಗಟ್ಟಿಯಾಗಿ ನಿಂತಿದ್ದನ್ನು ಅದು ತೊಳೆದುಕೊಂಡು ಹೋಗುತ್ತದೆ. ಮಜ್ಜಿಗೆಯನ್ನು ನಾಲ್ಕು ಗಂಟೆಗೆ ಕುಡಿಯಿರಿ. ದಿನಕ್ಕೆ ಒಟ್ಟು ಒಂದೂವರೆಯಿಂದ ಎರಡು ಲೀಟರ್ ದ್ರವ ಊಟಗಳ ನಡುವಿನ ಹೊತ್ತಿನಲ್ಲಿ ಮುಗಿಯಬೇಕು.

ಇನ್ನು ಲೆಕ್ಕಕ್ಕೆ ಸಿಗದೆ ಹೋಗುವುದು ಕಾಫಿ. 100 ಎಂಎಲ್ ಹಾಲು, ಎರಡು ಚಮಚ ಸಕ್ಕರೆ ಸೇರಿದ ಲೋಟಕ್ಕೆ ಸುಮಾರು 100 ಕ್ಯಾಲೊರಿ. ಮನೆಯಲ್ಲೊಂದು, ಆಫೀಸಿನಲ್ಲೊಂದು, ಸಂಜೆ ದರ್ಶಿನಿಯಲ್ಲೊಂದು ಎಂದರೆ ಮೇಲೆ ಹೇಳಿದ 300 ಅಲ್ಲಿಗೆ ಬಂತು. ಸಕ್ಕರೆ ಬಿಟ್ಟು, ಎರಡಕ್ಕೆ ಇಳಿಸಿ, ಒಂದನ್ನು ಬೈಟು ಮಾಡಿ. ಬೇಕರಿಯ ರಸ್ಕು, ಚಕ್ಕುಲಿ, ನಿಪ್ಪಟ್ಟು ಬಾಯಲ್ಲಿ ಗರಿಗರಿಯಾಗಿದ್ದರೂ ಅಗಿದ ಮೇಲೆ ಹಿಟ್ಟಾಗಿ ಜಾರುತ್ತವೆ. ಕರಿದ ಕುರುಕಲು 100 ಗ್ರಾಂಗೆ 500 ಕ್ಯಾಲೊರಿಯ ಆಸುಪಾಸಿನಲ್ಲಿರುತ್ತದೆ. ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ, ಮಗುವಿನ ತಟ್ಟೆಯಲ್ಲಿ ಉಳಿದ ತುತ್ತನ್ನೂ ಸೇರಿಸಿ, ತಿಂದ ತಕ್ಷಣ ಬರೆಯಿರಿ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಕುರುಕಲು, ಕಾಫಿಗಳೇ ಬಿಟ್ಟುಹೋಗುತ್ತವೆ.

ನಡಿಗೆ ಒಂದರಿಂದಲೇ ಸ್ನಾಯು ಉಳಿಯುವುದಿಲ್ಲ. ಲಾಲ್‌ಬಾಗ್ ಸುತ್ತುವುದನ್ನು ಬಿಡಬೇಡಿ, ಅದರ ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ ಬೇಕು. ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ಪುಶಪ್, ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಹಿಂದಕ್ಕೆ ಎಳೆಯುವುದು, ಒಂದೊಂದೂ 8ರಿಂದ 12 ಸಲ, ಎರಡು ಸುತ್ತು. 12 ಸಲೀಸಾದ ದಿನ ಭಾರ ಹೆಚ್ಚಿಸಿ. ಒಂದು ವಿಷಯ ಮೊದಲೇ ತಿಳಿದಿರಲಿ: ಹೊಸದಾಗಿ ಭಾರ ಎತ್ತಲು ಶುರುಮಾಡಿದಾಗ ನೊಂದ ಸ್ನಾಯು ನೀರು ಹಿಡಿಯುವುದರಿಂದ ಒಂದೆರಡು ವಾರ ತೂಕ ಏರಬಹುದು. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆ ದಿನಗಳಲ್ಲಿ ಟೇಪನ್ನು ನಂಬಿ.

ಊಟ, ವ್ಯಾಯಾಮ ಸರಿಯಿದ್ದೂ ಕದಲದಿದ್ದರೆ ಔಷಧಿಗಳ ಕಡೆ ನೋಡಬೇಕು. ಥೈರಾಯ್ಡ್‌ಗೆ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆಯಾದ ಗ್ಲಿಮೆಪಿರೈಡ್ ಹಳೆಯ ಡೋಸಿನಲ್ಲೇ ಇದ್ದರೆ ಶುಗರ್ ಇಳಿದು, ನಡುಗಿ, ಸಕ್ಕರೆ ತಿನ್ನುವಂತಾಗುತ್ತದೆ. ಡೋಸ್ ಇಳಿಸಬೇಕಾದವರು ಡಾಕ್ಟರೇ. ಸ್ಲೀವ್ ಬದಲು ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆಯ ಚಿಕ್ಕ ಭಾಗವನ್ನು ನೇರ ಕರುಳಿಗೆ ಜೋಡಿಸುವ ಆಪರೇಷನ್) ಆದವರಿಗೆ ಮಾತ್ರೆಯಿಲ್ಲದೆಯೂ ಸಿಹಿ ಅಥವಾ ಅನ್ನ ತಿಂದ ಒಂದರಿಂದ ಮೂರು ಗಂಟೆಯಲ್ಲಿ ಹೀಗೆ ಆಗಬಹುದು. ಸ್ಟೀರಾಯ್ಡ್, ಮನೋರೋಗಕ್ಕೆ ಕೊಡುವ ಮಿರ್ಟಾಜಪೀನ್, ಒಲಾಂಜಪೀನ್ ತೂಕ ಹಿಡಿಯುವ ಮಾತ್ರೆಗಳು, ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯೇ ಕೇಳಿ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಸಿಪ್ಯಾಪ್ (ಮೂಗಿಗೆ ಗಾಳಿ ಒತ್ತುವ ಯಂತ್ರ) ಬಳಸುವವರು ತೂಕ ಇಳಿದ ಮೇಲೆ ಅದರ ಒತ್ತಡವನ್ನು ಮತ್ತೆ ಸರಿಮಾಡಿಸಿಕೊಳ್ಳಬೇಕು, ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ. ವಿಟಮಿನ್ ಯಾವತ್ತೂ ಬಿಡಬಾರದು. ಸಿಟ್ರೇಟ್ ರೂಪದ ಮಾತ್ರೆಯಲ್ಲಿ ಕ್ಯಾಲ್ಸಿಯಂ ದಿನಕ್ಕೆ 1200–1500 ಮಿಲಿಗ್ರಾಂ, ಒಂದು ಸಲಕ್ಕೆ 500–600ರಂತೆ. ಐರನ್ ಅದರಿಂದ ಎರಡು ಗಂಟೆ ದೂರ, ಕಾಫಿಯಿಂದಲೂ ದೂರ.

ಎರಡು ದಿನ ಬರೀ ದ್ರವ ಕುಡಿದು ಹೊಟ್ಟೆಯನ್ನು "ರೀಸೆಟ್" ಮಾಡುವುದು ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಹೊಟ್ಟೆ ಹಾಗೆ ಕುಗ್ಗುವುದಿಲ್ಲ. ಹೋಗುವುದು ಗ್ಲೈಕೋಜನ್ ಮತ್ತು ನೀರು, ಮೂರನೇ ದಿನ ಎರಡೂ ವಾಪಸ್.

ಹೆಚ್ಚಿನವರ ತೂಕ ಇಳಿಯುವುದು 12ರಿಂದ 18 ತಿಂಗಳವರೆಗೆ. ಸ್ಲೀವ್‌ನಲ್ಲಿ ಒಟ್ಟು ತೂಕದ ಕಾಲು ಭಾಗದ ಆಸುಪಾಸು ಹೋಗಿ ಒಂದೂವರೆ ವರ್ಷಕ್ಕೆ ನಿಂತಿದ್ದರೆ ಅದು ದೇಹ ನೆಲೆಗೊಂಡ ಜಾಗವೇ ಇರಬಹುದು. ಅಲ್ಲಿಂದ ಮುಂದೆ ಇಳಿಸಲು ಡಾಕ್ಟರು ಔಷಧಿ ಸೂಚಿಸಬಹುದು. ಇಂಜೆಕ್ಷನ್‌ಗಳಾದ ಟಿರ್ಜೆಪಟೈಡ್ 2025ರ ಮಾರ್ಚ್‌ನಿಂದ, ಬೊಜ್ಜಿಗೆಂದೇ ಇರುವ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಿಂದ ನಮ್ಮಲ್ಲಿ ಸಿಗುತ್ತಿವೆ. ಇವು ಹಸಿವನ್ನೇ ಇಳಿಸುವುದರಿಂದ ಪ್ರೋಟೀನ್ ಇನ್ನೂ ಕೆಳಗೆ ಬೀಳುತ್ತದೆ, ತಕ್ಕಡಿ ಆಗ ಇನ್ನಷ್ಟು ಬೇಕು.

ತಿನ್ನುವ ಪ್ರಮಾಣ ದಿಢೀರನೆ ದುಪ್ಪಟ್ಟಾಗಿ ಹೊಟ್ಟೆ ತುಂಬಿದ್ದೇ ಗೊತ್ತಾಗದಿದ್ದರೆ, ರಾತ್ರಿ ಎದೆಯುರಿ ಹೊಸದಾಗಿ ಶುರುವಾದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಬೇಕಾಗಬಹುದು. ಒಂದೆರಡು ದಿನ ಬಿಡದೆ ವಾಂತಿಯಾಗುತ್ತಿದ್ದರೆ ತೂಕ ಇಳಿಯುತ್ತಿದೆ ಎಂದು ಸುಮ್ಮನಿರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿಯಿಂದ ಥಯಾಮಿನ್ (ವಿಟಮಿನ್ ಬಿ1) ಕೊರತೆಯಾದರೆ ಮೆದುಳು, ನರಗಳಿಗೆ ಏಟು ಬೀಳುತ್ತದೆ. ಉಳಿದಂತೆ ಸರ್ಜನ್ ಅಥವಾ ಡಯಟೀಷಿಯನ್ ಬಳಿಗೆ ಹೋಗುವಾಗ ನಾಲ್ಕು ವಾರದ ಸರಾಸರಿ, ಸುತ್ತಳತೆ, ಏಳು ದಿನದ ಊಟದ ಪುಸ್ತಕ, ಮಾತ್ರೆಗಳ ಪಟ್ಟಿ, ಕಳೆದ ರಕ್ತ ಪರೀಕ್ಷೆಯ ರಿಪೋರ್ಟು ಇಷ್ಟನ್ನು ಒಯ್ಯಿರಿ.