ತೂಕ ಇಳಿಯದಿದ್ದಾಗ ನಾನು ಎಣ್ಣೆ ಅಳೆದೆ

ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಶಿವಮೊಗ್ಗದಲ್ಲಿ ತುಂಗಾ ದಡದ ಕಡೆ ಒಂದು ಗಂಟೆ ನಡೆದೆ. ತಿಂದದ್ದನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟೆ. ತೂಕ ಮಾತ್ರ 82 ಕೆಜಿ ಬಿಟ್ಟು ಅಲುಗಲಿಲ್ಲ. ಥೈರಾಯ್ಡ್ ಕೂಡ ಸರಿಯಿತ್ತು. ತುಂಬಾ ಬೇಜಾರಾಗಿತ್ತು.

ಒಂದು ದಿನ ಮಸಾಲೆ ಅಕ್ಕಿ ರೊಟ್ಟಿ ಮಾಡುವಾಗ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿದೆ. ರೊಟ್ಟಿಯ ಸುತ್ತ ಒಂದು ಸಲ, ನಡುವಿನ ತೂತುಗಳಿಗೆ ಇನ್ನೊಂದಿಷ್ಟು. ಒಂದು ರೊಟ್ಟಿಗೇ ಎರಡು ದೊಡ್ಡ ಚಮಚ! ಒಂದು ದೊಡ್ಡ ಚಮಚ ಎಣ್ಣೆ ಅಂದ್ರೆ ಸುಮಾರು 120 ಕ್ಯಾಲೊರಿ. ಎರಡು ರೊಟ್ಟಿಗೆ 480. ನಾನು ಬರೆದಿದ್ದು ಬರೀ ಹಿಟ್ಟಿನ ಲೆಕ್ಕ.

ಈಗ ದಿನದ ಎಣ್ಣೆಯನ್ನು ಬೆಳಿಗ್ಗೆಯೇ ಪುಟ್ಟ ಬಟ್ಟಲಿಗೆ ಅಳೆದಿಡುತ್ತೇನೆ. ರೊಟ್ಟಿ ಬೇಕೆನಿಸಿದರೆ ಅಜ್ಜಿಯಂತೆ ಉಕ್ಕರಿಸಿದ, ಅಂದ್ರೆ ಕುದಿಯುವ ನೀರಿಗೆ ಹಾಕಿ ಬೇಯಿಸಿದ ಹಿಟ್ಟಿನದ್ದು, ಕೆಂಡದ ಮೇಲೆ ಉಬ್ಬಿಸಿದ್ದು. ಅದಕ್ಕೆ ಎಣ್ಣೆಯೇ ಬೇಡ, ಅಲ್ವಾ? ಮೂರು ತಿಂಗಳಲ್ಲಿ 5 ಕೆಜಿ ಇಳಿದಿದೆ.