ಫೀಡ್ ಮೂಟೆ ಗೇಟಿನ ಆಚೆಯೇ ಇಳಿಯಲಿ

2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿ ಕಡೆ ಆಫ್ರಿಕನ್ ಹಂದಿ ಜ್ವರ ಖಚಿತವಾದಾಗ, ಕೊಡಗಿನ ಕುಟ್ಟದ ಹತ್ತಿರ ಹಂದಿ ಸಾಕುವ ನಮಗೆ ಅದು ಹೊರರಾಜ್ಯದ ಸುದ್ದಿ ಅನ್ನಿಸಲಿಲ್ಲ. ಗಡಿ ದಾಟಿದರೆ ತೋಲ್ಪೆಟ್ಟಿ, ಮುಂದೆ ಮಾನಂದವಾಡಿಯೇ. ಈ ರೋಗಕ್ಕೆ ಮದ್ದಿಲ್ಲ. ಒಂದು ಫಾರ್ಮಿಗೆ ಬಂದರೆ ಸುತ್ತ 1 ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು, ಚೆನ್ನಾಗಿರುವುದನ್ನೂ ಸೇರಿಸಿ.

ಅಕ್ಕಪಕ್ಕದವರು ಸುಣ್ಣ ಹಾಕಿದರು, ಜನ ಬರುವುದನ್ನು ತಡೆದರು. ಅದೂ ಬೇಕು. ಆದರೆ ನಾನು ಮೊದಲು ಹಿಡಿದದ್ದು ಹಂದಿಯ ಬಾಯಿಗೆ ಹೋಗುವುದು ಎಲ್ಲಿಂದ ಬರುತ್ತದೆ ಎಂಬುದನ್ನು.

ಹೋಟೆಲ್ ಮುಸುರೆಯಲ್ಲಿ ಹಂದಿ ಮಾಂಸದ ಚೂರಿದ್ದರೆ ವೈರಸ್ ಅದರಲ್ಲೇ ಬರಬಹುದು. 90 ಡಿಗ್ರಿಯಲ್ಲಿ ಒಂದು ಗಂಟೆ, ಕೈಯಾಡಿಸುತ್ತಲೇ ಕುದಿಸಬೇಕು ಎನ್ನುತ್ತದೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ. ಹಂಡೆಯ ಅಂಚಿನಲ್ಲಿ ಕೊತಕೊತ ಕುದಿಯುವಾಗಲೂ ನಡುವಿನ ಅನ್ನದ ಮುದ್ದೆಗೆ ಥರ್ಮಾಮೀಟರ್ ಚುಚ್ಚಿದರೆ ಒಳಗೆ ಬರೀ ಬೆಚ್ಚಗೆ. ಸೌದೆ, ಆಳಿನ ಕೂಲಿ ಲೆಕ್ಕ ಹಾಕಿ ಮುಸುರೆ ನಿಲ್ಲಿಸಿಯೇಬಿಟ್ಟೆ. ಈಗ ಮುಸುಕಿನ ಜೋಳ, ಅಕ್ಕಿ ತೌಡು, ಸೋಯಾ ಹಿಂಡಿ, ಮಿನರಲ್ ಮಿಕ್ಸ್ಚರ್. ಖರ್ಚು ಜಾಸ್ತಿ, ನಿಜ.

ಒಣ ಫೀಡ್ ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2013ರಲ್ಲಿ ಅಮೆರಿಕಕ್ಕೆ ಹಂದಿಮರಿಗಳ ಭೇದಿಯ ವೈರಸ್ ನುಗ್ಗಿದಾಗ ಫೀಡ್ ಸಾಗಿಸುವ ದೊಡ್ಡ ಚೀಲಗಳ ಮೇಲೂ ಅನುಮಾನ ಬಂದಿತ್ತು. ಹಂದಿ ಜ್ವರದ ವೈರಸ್ಸನ್ನು ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದವರು ಫೀಡ್ ಪದಾರ್ಥಗಳಲ್ಲಿಟ್ಟು 2019ರಲ್ಲಿ ವರದಿ ಮಾಡಿದರು: ಅದು ಅರ್ಧಕ್ಕಿಳಿಯಲು ಸುಮಾರು 10ರಿಂದ 14 ದಿನ ಬೇಕು. ಕುಡಿಯುವುದರಲ್ಲಿದ್ದರಂತೂ ತಿನ್ನುವುದರಲ್ಲಿ ಇರುವುದಕ್ಕಿಂತ ತೀರಾ ಕಡಿಮೆ ವೈರಸ್ ಸಾಕು, ರೋಗ ತಗಲಲು, ಎಂಬುದೂ ಅವರದೇ ಪ್ರಯೋಗ. ಇದನ್ನು ಓದಿದ ಮೇಲೆ ತೋಡಿನ ನೀರು ಬಿಟ್ಟು ಬೋರ್‌ವೆಲ್ ನೀರು ಕೊಡುತ್ತಿದ್ದೇನೆ.

ಲೋಡು ಈಗ ಗೇಟಿನ ಹೊರಗಿನ ಶೆಡ್ಡಿನಲ್ಲಿ ಇಳಿಯುತ್ತದೆ. ಬೇರೆ ಫಾರ್ಮುಗಳನ್ನು ಸುತ್ತಿ ಬಂದ ಲಾರಿಯ ಚಕ್ರವೂ ಒಳಗೆ ಬರಬಾರದು, ಡ್ರೈವರ್ ಚಪ್ಪಲಿಯೂ ಬರಬಾರದು. ಬಂದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆದು, ಒಂದು ತಿಂಗಳು ಹಾಗೇ ಇಟ್ಟು, ಆಮೇಲೆ ನಮ್ಮ ಡ್ರಮ್ಮಿಗೆ ಸುರಿದು ಒಳಗೆ ತರುತ್ತೇವೆ. ತಿಂಗಳಿಟ್ಟರೆ ವೈರಸ್ ಪೂರ್ತಿ ಸಾಯುವುದಿಲ್ಲ, ಕಾಲು ಭಾಗ ಉಳಿಯಬಹುದು. ಹಾಗಾಗಿ ತರುವ ಕಡೆಯೇ ನಂಬಿಕೆಯದಾಗಿರಬೇಕು.

ಕೊಡಗಿನ ಮಳೆಗಾಲದಲ್ಲಿ ತಿಂಗಳಿಡುವುದು ಸುಲಭವಲ್ಲ, ಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷವೂ ಹಂದಿಯನ್ನು ಕೆಡಿಸುತ್ತದೆ. ಕೊಳ್ಳುವಾಗಲೇ ಒಂದು ಕಾಳು ಕಚ್ಚಿ ನೋಡುತ್ತೇನೆ: ಹಲ್ಲಿಗೆ ಕಟಕ್ಕೆಂದು ಒಡೆದರೆ ತರುತ್ತೇನೆ, ಅದುಮಿದಂತಾದರೆ ಬೇಡ. ಮೂಟೆಯಡಿ ಮರದ ಹಲಗೆ, ಗೋಡೆಯಿಂದ ಒಂದಡಿ ದೂರ.

ಇನ್ನು ಚೀಲ. ಹಳೇ ಗೋಣಿ ಊರೂರು ತಿರುಗಿ ಬಂದಿರುತ್ತದೆ, ಯಾವ ಹಂದಿಗೂಡಿನ ಮೂಲೆಯಲ್ಲಿ ಬಿದ್ದಿತ್ತೋ ಯಾರಿಗೆ ಗೊತ್ತು. ಖಾಲಿ ಚೀಲ ವಾಪಸ್ ಕೇಳುವ ವ್ಯಾಪಾರಿಯ ಹತ್ತಿರ, ಕೆಜಿಗೆ ಎಷ್ಟೇ ಕಡಿಮೆಗೆ ಕೊಟ್ಟರೂ, ನಾನು ಹಿಂಡಿ ಕೊಳ್ಳುವುದಿಲ್ಲ.